ಡಬ್ಬಣ್ಣ ಬಿಟ್ಟ ಜಾಗ

ಊರವರ ಅಂಗಿಯನ್ನೆಲ್ಲ ಅಚ್ಚುಕಟ್ಟಾಗಿ ಹೊಲಿದು ಕೊಡುವ ದರ್ಜಿ ತನ್ನ ಅಂಗಿಯ ಬೆನ್ನಿಗೆ ಮಾತ್ರ ಅಡ್ಡಡ್ಡ ಹಸಿರು ಬಳಿಸಿಕೊಂಡ. ಆಪರೇಷನ್ ಕೋಣೆಯ ಹೊರಗೆ, 'ಬಣ್ಣ ಹಸಿ ಇದೆ' ಎಂಬ ಹಲಗೆಯ ಪಕ್ಕದಲ್ಲೇ ಗೋಡೆಗೊರಗಿದ್ದ. ಒಳಗೆ ಹೆಂಡತಿಯ ಹೃದಯದ ರಿಪೇರಿ ನಡೆದಿತ್ತು; ಹಲಗೆ ಓದುವ ಕಣ್ಣು ಅವನಿಗೆಲ್ಲಿ? ಬೆಂಚಿನ ಮೇಲೆ ಕೂತವರು, ಅಳುತ್ತಿದ್ದವರೂ ಸೇರಿ, ಕಿಸಕ್ಕೆಂದರು.

"ಗೋಡೆ ಜೊತೆ ನೀವೂ ಒಂದು ಕೈ ಬಳಿಸ್ಕೊಂಡ್ರಾ?" ಏಣಿಯ ಮೇಲಿಂದ ಡಬ್ಬಣ್ಣ ಕೇಳಿದ. ಬಣ್ಣದ ಡಬ್ಬ ಬಿಟ್ಟು ಅವನನ್ನು ಯಾರೂ ನೋಡಿದ್ದಿಲ್ಲ, ಅದಕ್ಕೇ ಆ ಹೆಸರು. ಕೂದಲು ಕಪ್ಪಿದ್ದಾಗಿನಿಂದ ಈ ಆಸ್ಪತ್ರೆಗೆ ಬಣ್ಣ ಬಳಿದವನು. ಈಗ ಅದು ಬೆಳ್ಳಗಾದದ್ದು ವಯಸ್ಸಿಗೋ ಸುಣ್ಣಕ್ಕೋ ಅವನಿಗೇ ಅನುಮಾನ.

ದರ್ಜಿಗೆ ಉರಿದುಹೋಯಿತು. ಬಾಗಿಲ ಪಕ್ಕ, ಎದೆಮಟ್ಟದಲ್ಲಿ, ಮೊರದಗಲದ ಜಾಗವೊಂದು ಬಣ್ಣವಿಲ್ಲದೆ ಜಿಡ್ಡುಗಪ್ಪಾಗಿ ಮಿರುಗುತ್ತಿತ್ತು. "ನನ್ನ ಬೆನ್ನಿಗೆ ಬಣ್ಣ ಇದೆ, ಆ ಕೊಳೆ ಮುಚ್ಚೋಕೆ ಇಲ್ವಾ?"

ಡಬ್ಬಣ್ಣ ಕೇಳಿಸದವನಂತೆ ಬ್ರಷ್ ಅದ್ದಿದ. ನೆಲ ಒರೆಸುತ್ತಿದ್ದ ಆಯಾ ದನಿ ತಗ್ಗಿಸಿದಳು: "ಒಳಗೆ ತಮ್ಮೋರು ಇರೋವಾಗ ಎಲ್ಲ ಅಲ್ಲಿ ಕೈಯಿಟ್ಟು ನಿಲ್ತಾರಪ್ಪ. ಯಾವ ದೇವರೋರು ಅಂತ ಯಾರೂ ಕೇಳಲ್ಲ. ಈ ಡಬ್ಬಣ್ಣನೂ ನಿಂತಿದ್ದ. ಹೆಂಡ್ತಿ ಉಳೀಲಿಲ್ಲ. ಆ ವರ್ಷಾನೂ ಬಣ್ಣ ಬಳಿಯೋಕೆ ಬಂದ, ಆ ಜಾಗ ಹಾಗೇ ಬಿಟ್ಟ."

ಡಾಕ್ಟರು ಹೇಳಿದ್ದ ಹೊತ್ತು ಮೀರಿತು, ಬಾಗಿಲು ತೆರೆಯಲಿಲ್ಲ. ಬೆಂಚಿನಿಂದ ಹೆಂಗಸೊಬ್ಬಳು ಎದ್ದು ಹೋಗಿ ಅಲ್ಲಿ ಕೈಯಿಟ್ಟಳು. ಅವಳು ಸರಿದ ಮೇಲೆ ಗಿರಿಜಾ ಮೀಸೆಯ ಮುದುಕನೊಬ್ಬ ಬಗ್ಗಿ ಹಣೆಯನ್ನೇ ಇಟ್ಟ. ಆಮೇಲೆ, ಎಲ್ಲರೂ ನೋಡುತ್ತಿರುವಾಗಲೇ ಯಾರೂ ನೋಡುತ್ತಿಲ್ಲವೆಂದು ನಂಬಿಕೊಂಡು, ದರ್ಜಿ ಹೋದ.

ಗೋಡೆ ತಣ್ಣಗಿತ್ತು. ಹಳೇ ಕೋಟಿನ ಮೊಣಕೈ ಎಲ್ಲಿ ಸವೆದಿದೆ ಎಂದು ಬೆರಳಲ್ಲೇ ಕಂಡುಹಿಡಿಯುವವನು ಅವನು. ಇಲ್ಲಿ ಗಾರೆ ಹಾಗೆ ಸವೆದಿತ್ತು. ತಗ್ಗಿನೊಳಗೆ ಅಂಗೈ ತಾನಾಗಿ ಕೂತಿತು, ಅವನ ಅಳತೆಗೇ ಕತ್ತರಿಸಿದ ಹಾಗೆ. ಬರೀ ಅಂಗೈ ಗಾರೆಯನ್ನು ಸವೆಸಬೇಕಾದರೆ ಎಷ್ಟು ಜನ ಇಲ್ಲಿ ನಿಂತಿರಬೇಕು! ಅವರೆಲ್ಲ ಇನ್ನೂ ಹಿಂದೆಯೇ ನಿಂತಿದ್ದಾರೆ ಅನ್ನಿಸಿತು. ಬೆನ್ನ ಮೇಲಿನ ಹಸಿರು ಮರೆತೇಹೋಯಿತು.

ನರ್ಸ್ ಬಾಗಿಲು ತೆರೆದು ದರ್ಜಿಯತ್ತ ತಿರುಗಿದಳು. "ಚೆನ್ನಾಗಿದ್ದಾರೆ. ಎಚ್ಚರ ಆದ್ಮೇಲೆ ನೋಡ್ಬಹುದು."

ದರ್ಜಿ ಕಣ್ಣೊರೆಸಿಕೊಳ್ಳುತ್ತ ಏಣಿಯ ಬುಡಕ್ಕೆ ಬಂದ. "ಅಣ್ಣಾ, ನಿಮ್ಮ ಮನೆಯವರು ಉಳೀಲಿಲ್ಲ ಅಂದ್ರು. ಆದ್ರೂ ಆ ಜಾಗಕ್ಕೆ ಯಾಕೆ ಬಣ್ಣ ಹೊಡೀಲಿಲ್ಲ?"

ಡಬ್ಬಣ್ಣ ಬ್ರಷ್ಷನ್ನು ಡಬ್ಬದ ಅಂಚಿಗೆ ಸವರಿದ.

"ಒಣಗೋಕೆ ಜನ ಬಿಡ್ಬೇಕಲ್ಲ, ಸ್ವಾಮಿ."