ಮಾಳಿಗೆಗೊಂದು ಕಂಡಿ

ಶಹಾಬಾದಿನ ನನ್ನ ತವರುಮನೆಯ ಅಡುಗೆಮನೆಗೆ ಇದ್ದದ್ದು ಒಂದೇ ಕಿಟಕಿ. ಅದು ತೆರೆದಿದ್ದನ್ನು ನಾನು ನೋಡಿದ ನೆನಪಿಲ್ಲ. ಹಿಂದಿನ ಗೋಡೆಗೆ ತಾಗಿಕೊಂಡೇ ಕಲ್ಲು ಕೊಯ್ದು ಪಾಲಿಶ್ ಮಾಡುವ ಅಂಗಳವಿತ್ತು. ಕಿಟಕಿ ತೆರೆದರೆ ರೊಟ್ಟಿ ಹಿಟ್ಟಿನ ಮೇಲೆ ಕಲ್ಲಿನ ಪುಡಿ ಬಂದು ಕೂರುತ್ತಿತ್ತು. ಅಪ್ಪ ಅದಕ್ಕೆ ಹಲಗೆ ಹೊಡೆಸಿಬಿಟ್ಟಿದ್ದ. ಒಳಗೆ ಅವ್ವ ಮೊದಲು ಕಟ್ಟಿಗೆ ಒಲೆಯ ಮುಂದೆ, ಆಮೇಲೆ ಸೀಮೆಎಣ್ಣೆ ಸ್ಟೋವಿನ ಮುಂದೆ, ಕೊನೆಗೆ ಗ್ಯಾಸಿನ ಮುಂದೆ ನಿಂತು ಮನೆಮಂದಿಗೆಲ್ಲ ರೊಟ್ಟಿ ಬಡಿದಳು. ಗ್ಯಾಸ್ ಬಂದಾಗ ಇನ್ನು ಹೊಗೆಯ ಕಾಟವಿಲ್ಲ ಎಂದು ಎಲ್ಲರೂ ಹೇಳಿದರು. ಕಾದ ಎಣ್ಣೆಯ ಹೊಗೆ, ಮೆಣಸಿನಕಾಯಿ ಹುರಿದ ಘಾಟು ಯಾರ ಗಮನಕ್ಕೂ ಬರಲಿಲ್ಲ, ಯಾಕೆಂದರೆ ಆ ಹೊತ್ತಿಗೆ ಉಳಿದವರೆಲ್ಲ ಪಡಸಾಲೆಗೆ ಎದ್ದುಹೋಗುತ್ತಿದ್ದೆವು.

"ರೀ, ಒಲಿ ಮ್ಯಾಲ ಮಾಳಿಗಿಗಿ ಒಂದ್ ಕಂಡಿ ಬಿಡಸ್ರಿ. ಹೊಗಿ ಹೋಗ್ತದ," ಎಂದು ಅವ್ವ ಕೇಳುತ್ತಿದ್ದಳು. ಜಗಳ ಮಾಡಿ ಕೇಳಿದವಳಲ್ಲ. ಅಪ್ಪನ ತಾಟಿಗೆ ರೊಟ್ಟಿ ಹಾಕುತ್ತ, ಅವನ ಮನಸ್ಸು ಸಮಾಧಾನವಾಗಿದೆ ಅನ್ನಿಸಿದಾಗ ಮಾತ್ರ.

"ಮಾಳಿಗಿಗಿ ತೂತ ಹೊಡದ್ರ ಮಳಿಗಾಲದಾಗ ಮನಿಯೆಲ್ಲಾ ಸೋರ್ತದ," ಎನ್ನುತ್ತಿದ್ದ ಅಪ್ಪ. ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಅಪ್ಪ ವಾಡಿಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಧೂಳಿಗೆಂದು ಕೊಡುವ ಮುಖದ ಪಟ್ಟಿ ಸಿಗುವುದು ತಡವಾದರೆ ಮನೆಗೆ ಬಂದು ಊಟ ಮುಗಿಯುವ ತನಕ ಬೈಯುತ್ತಿದ್ದ. "ಮಂದಿ ಎದಿ ಅಂದ್ರ ಏನ್ ತಿಳ್ಕೊಂಡಾರ ಈ ಮಕ್ಕಳು?" ಎನ್ನುತ್ತಿದ್ದ. ಎದುರಿಗೆ ಬಡಿಸುತ್ತ ನಿಂತ ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮುತ್ತಿದ್ದಳು.

ನಾನು ಮದುವೆಯಾಗಿ ಸೇಡಂಗೆ ಬಂದೆ. ಅವ್ವನ ಕೆಮ್ಮು ದಮ್ಮಾಯಿತು. ನಾಲ್ಕು ಹೆಜ್ಜೆ ನಡೆದು ಗೋಡೆ ಹಿಡಿಯತೊಡಗಿದಾಗ ಕಲಬುರಗಿಯ ಡಾಕ್ಟರ ಹತ್ತಿರ ಕರೆದೊಯ್ದೆವು. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಅಮ್ಮ, ನೀವು ಬೀಡಿ ಸೇದ್ತಿದ್ರೇನು?" ಎಂದು ಕೇಳಿದರು. ಅವ್ವ ನಾಚಿಕೆಯಿಂದ ತಲೆ ತಗ್ಗಿಸಿದಳು. ಅಪ್ಪ ನಕ್ಕ. "ನಮ್ಮ ಮನ್ಯಾಗ ಗಂಡಸ್ರೇ ಸೇದಂಗಿಲ್ರಿ ಸಾಹೇಬ್ರ, ಈಕಿ ಎಲ್ಲಿ ಸೇದ್ತಾಳ?" ಡಾಕ್ಟರು ನಗಲಿಲ್ಲ. ಯಾವ ಒಲೆ, ಎಷ್ಟು ಕಿಟಕಿ ಎಂದು ವಿಚಾರಿಸಿದರು. ಇನ್ನು ಅಡುಗೆಮನೆಗೆ ಕಾಲಿಡಬಾರದು ಎಂದರು. ಅಂದಿನಿಂದ ಅವ್ವ ಪಡಸಾಲೆಯ ಮಂಚಕ್ಕೆ ಬಂದಳು.

ಆ ವರ್ಷವೇ ತಮ್ಮನ ಮದುವೆಯಾಯಿತು. ಚಿಂಚೋಳಿ ಕಡೆಯ ಹುಡುಗಿ. ಬಂದ ಕೆಲವೇ ದಿನಕ್ಕೆ ಎಲ್ಲರ ಮುಂದೆ ಹೇಳಿದಳು: "ಆ ಖೋಲ್ಯಾಗ ನನಗ ಉಸುರ ಕಟ್ತದ. ಚಿಮ್ನಿ ಹಾಕಸ್ರಿ. ಅಲ್ಲಿತನಾ ನಾ ಒಳಗ ಹೋಗಂಗಿಲ್ಲ." ಮರುದಿನ ಒಲೆ ಹತ್ತಲಿಲ್ಲ. ಅಪ್ಪ ಖಾನಾವಳಿಯಿಂದ ಊಟ ತರಿಸಿದ. ಎರಡು ಹೊತ್ತು ಖಾನಾವಳಿ ಪಲ್ಯ ಉಂಡವನು ಮೂರನೇ ಹೊತ್ತಿಗೆ ತಮ್ಮನನ್ನು ಚಿಮ್ನಿ ತರಲು ಕಲಬುರಗಿಗೆ ಕಳಿಸಿದ.

ಅದನ್ನು ಕೂರಿಸುವ ದಿನ ನಾನು ಊರಿಗೆ ಹೋಗಿದ್ದೆ. ಹಿಂದೆ ಕಲ್ಲಿನ ಅಂಗಳ, ಎರಡೂ ಬದಿಗೆ ಬೇರೆಯವರ ಮನೆಗೋಡೆ. ಪೈಪು ಮೇಲಕ್ಕೇ ಹೋಗಬೇಕು ಎಂದ ಕೂರಿಸಲು ಬಂದವನು. ಗೌಂಡಿ ಮಾಳಿಗೆ ಹತ್ತಿ, ಒಲೆಯ ನೇರಕ್ಕೆ ಮಾಳಿಗೆಗೆ ಹಾಸಿದ್ದ ಒಂದು ಕಲ್ಲಿನ ಚಪ್ಪಡಿ ಎಬ್ಬಿಸಿದ. ಪೈಪಿನ ಅಳತೆಗೆ ತೂತು ಕೊರೆದ ಹೊಸ ಚಪ್ಪಡಿ ಹಿಂದಿನ ಅಂಗಳದಿಂದಲೇ ಬರುವುದಿತ್ತು. ಅದು ಬರುವ ತನಕ ಅಡುಗೆಮನೆಗೆ ಚೌಕದ ಬಿಸಿಲು ಬಿದ್ದಿತ್ತು. ಗೋಡೆಗಳು ಅಷ್ಟು ಕಪ್ಪಾಗಿದ್ದವೆಂದು ನನಗೆ ಆವತ್ತೇ ಗೊತ್ತಾದದ್ದು.

ಅವ್ವ ಗೋಡೆ ಹಿಡಿದುಕೊಂಡು ಬಾಗಿಲ ತನಕ ಬಂದಳು. ತಲೆಯೆತ್ತಿ ಆಕಾಶ ನೋಡಿದಳು.

"ಇಷ್ಟೇ ಇತ್ತೇನ್ರಿ?" ಎಂದು ಅಪ್ಪನನ್ನು ಕೇಳಿದಳು.

"ಆಗಿನ ಕಾಲದಾಗ ಇಂಥಾ ಪೈಪು ಎಲ್ಲಿದ್ದವು?"

"ನಾ ಪೈಪ್ ಕೇಳಿದ್ದಿಲ್ರಿ. ಕಂಡಿ ಕೇಳಿದ್ದೆ."

ಅಪ್ಪ ಗೌಂಡಿಯ ಕಡೆ ತಿರುಗಿ, ಸಿಮೆಂಟು ದಪ್ಪಗೆ ಮೆತ್ತು ಎಂದ.

ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು. ತಮ್ಮನ ಹೆಂಡತಿ ಮೆಣಸಿನಕಾಯಿ ಹುರಿದಳು, ಯಾರಿಗೂ ಕೆಮ್ಮು ಬರಲಿಲ್ಲ. ಅವಳ ಮೇಲೆ ನನಗೆ ಸಿಟ್ಟು ಬರಬೇಕಿತ್ತೇನೋ, ಬರಲಿಲ್ಲ. ನಾನು ಸಿಟ್ಟಿನಿಂದ ನೋಡುತ್ತಿದ್ದದ್ದು ಅಪ್ಪನನ್ನು. ಸಂಜೆ ಕಾಳಗಿಯಿಂದ ಸಂಬಂಧಿಕರು ಬಂದರು. ಅಪ್ಪ ಅವರನ್ನು ಒಲೆಯ ಮುಂದೆ ನಿಲ್ಲಿಸಿ, ಗುಂಡಿ ಒತ್ತಿ, ತನ್ನ ಕರವಸ್ತ್ರ ಚಿಮ್ನಿಗೆ ಅಂಟಿಕೊಳ್ಳುವುದನ್ನು ತೋರಿಸಿದ. "ಹೆಣ್ಮಕ್ಕಳ ಎದಿಗಿ ಹೊಗಿ ಭಾಳ ಕೆಟ್ಟರಿ. ನಾನೇ ಮುಂದ ನಿಂತು ಮಾಡಿಸೀನಿ," ಎಂದ. ಮಾತು ಪಡಸಾಲೆಗೆ ಚೆನ್ನಾಗಿ ಕೇಳಿಸುತ್ತಿತ್ತು.

ಅವರು ಹೋದ ಮೇಲೆ ಅವ್ವ ನನ್ನನ್ನು ಕರೆದಳು. "ನಾಳಿಗಿ ನಾ ನಿನ್ನ ಮನಿಗಿ ಬರ್ತೀನಿ."

"ಬಾ ಅವ್ವ. ನಾಲ್ಕ್ ದಿನ ಇದ್ದು ಬರೀವಂತಿ."

"ನಾಲ್ಕ್ ದಿನಕ್ಕ ಬರೂದಿಲ್ಲ," ಎಂದಳು.

ಬೆಳಿಗ್ಗೆ ಸೀರೆ, ಔಷಧ, ದಮ್ಮಿಗೆ ಹಿಡಿಯುವ ಮಶೀನು ಚೀಲಕ್ಕೆ ಸೇರಿದವು. ಅಪ್ಪನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಈಗ ಮನ್ಯಾಗ ಹೊಗೀನೇ ಇಲ್ಲ. ಈಗ್ಯಾಕ ಹೋಗ್ತಿ?" ಎಂದು ಮತ್ತೆ ಮತ್ತೆ ಕೇಳಿದ. ಅವ್ವ ಚಪ್ಪಲಿ ಮೆಟ್ಟುತ್ತಿದ್ದಳು. ತಮ್ಮನ ಹೆಂಡತಿ ಮಾತ್ರ ಅಳುತ್ತ ಜೀಪಿನವರೆಗೆ ಬಂದಳು. "ನಾ ಏನರ ತಪ್ಪ್ ಮಾಡೀನೇನ್ರಿ ಅತ್ತಿ?" ಎಂದಳು. ಅವ್ವ ಅವಳ ಗದ್ದ ಹಿಡಿದು, "ನೀ ಬರೋಬ್ಬರಿ ಮಾಡೀದಿ," ಎಂದಳು.

ಆ ಮಳೆಗಾಲ ಜೋರಾಗಿತ್ತು. ಒಂದು ಬೆಳಿಗ್ಗೆ ಅಪ್ಪ ಫೋನ್ ಮಾಡಿ, "ಒಂದ್ ಹನಿ ಸೋರಿಲ್ಲ ನೋಡು! ನಿಮ್ಮವ್ವಗ ಹೇಳು," ಎಂದ. ದನಿಯಲ್ಲಿ ಖುಷಿಯಿತ್ತು. ನಾನು ಹೇಳಲಿಲ್ಲ. ಅಷ್ಟು ವರ್ಷ ಯಾವ ಮಾತನ್ನು ಅಡ್ಡ ಹಿಡಿದಿದ್ದನೋ ಆ ಮಾತು ಸುಳ್ಳಾಯಿತೆಂದು ಅವನೇ ಹೇಳುತ್ತಿದ್ದ, ಮತ್ತು ಅದು ಅವನಿಗೆ ತಿಳಿಯಲಿಲ್ಲ.

ಈಗಲೂ ಆಗಾಗ ವಾಡಿಯಲ್ಲಿ ಗಾಡಿ ಬದಲಿಸಿ ಸೇಡಂಗೆ ಬರುತ್ತಾನೆ. ಅವ್ವನ ಮಂಚದ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಅವ್ವ ಚಹಾ ಕೊಡಿಸುತ್ತಾಳೆ, ಬಿಪಿ ಗುಳಿಗೆ ತಗೊಂಡ್ರೇನು ಎಂದು ಕೇಳುತ್ತಾಳೆ. ಹೊರಡುವಾಗ ಪ್ರತಿ ಸಲವೂ ಅವನು, "ಮನಿಗಿ ಯಾವಾಗ ಬರ್ತಿ?" ಎನ್ನುತ್ತಾನೆ. ಅವಳು ಆ ಕಡೆ ಹೊರಳಿ ಮಲಗುತ್ತಾಳೆ. ಅವನನ್ನು ಗೇಟಿನ ತನಕ ನಾನು ಬಿಟ್ಟು ಬರುತ್ತೇನೆ. ಆ ಮನೆಗೆ ಹೋಗು ಎಂದು ಅವ್ವನಿಗೆ ಇದುವರೆಗೆ ನಾನೂ ಹೇಳಿಲ್ಲ.