ತಾತ ಹೋಗಿಬಿಟ್ಟ ದಿನ

ಕೊರೊನಾದ ಎರಡನೇ ಅಲೆಯ ಬೇಸಿಗೆಯಲ್ಲಿ ನಮ್ಮ ತಾತ ತೀರಿಕೊಂಡ ಸುದ್ದಿ ಬಂದಾಗ ನಾನು ಹಸುವಿನ ಕೆಚ್ಚಲು ತೊಳೆಯುತ್ತಿದ್ದೆ. ಬಂಗಾರಪೇಟೆಯ ಹತ್ತಿರದ ಹಳ್ಳಿ ನಮ್ಮದು. ಒಂದಿಷ್ಟು ಟೊಮೇಟೊ, ಒಂದೆರಡು ಸೀಮೆಹಸು, ಬೆಳಿಗ್ಗೆ ಸಂಜೆ ಡೈರಿಗೆ ಹಾಲು. ತಾತ ಹರೆಯದಿಂದ ಕೆಜಿಎಫ್‌ನ ಊರಿಗಾಂನ ಚಿನ್ನದ ಗಣಿಯೊಳಗೆ ದುಡಿದು, ಗಣಿ ಮುಚ್ಚಿದ ಮೇಲೆ ಊರಿಗೆ ಬಂದು ಹಸು ಕಟ್ಟಿದವನು. ಗಣಿಯಿಂದ ಅವನು ಚಿನ್ನ ತರಲಿಲ್ಲ, ಕೆಮ್ಮು ತಂದಿದ್ದ. ನಮ್ಮಪ್ಪ ಹುಟ್ಟುವ ಮೊದಲಿನಿಂದಲೂ ಕೆಮ್ಮುತ್ತಿದ್ದನಂತೆ.

ಜ್ವರ ಬಂದಾಗಲೂ ಅವನು ಅದನ್ನೇ ಹಿಡಿದು ವಾದಿಸಿದ.

“ಇದು ಗಣಿ ಕೆಮ್ಮು ಕಣ್ಲಾ. ನಿಮ್ ಕೊರೊನಾಗಿಂತ ಸೀನಿಯರ್ರು.”

ಅಪ್ಪ ಕೇಳಲಿಲ್ಲ. ಉಸಿರು ಎಳೆಯತೊಡಗಿದಾಗ ಎತ್ತಿಕೊಂಡು ಹೋಗಿ, ಕೆಜಿಎಫ್‌ನಲ್ಲಿ ಆಸ್ಪತ್ರೆಗಳು ಸಾಲದೆ ತೆರೆದಿದ್ದ ಒಂದು ತಾತ್ಕಾಲಿಕ ವಾರ್ಡಿಗೆ ಸೇರಿಸಿದ. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ತಾತನ ಹತ್ತಿರ ಫೋನು ಇರಲಿಲ್ಲ. ವಾರ್ಡಿನಿಂದ ಯಾರಾದರೂ “ಊಟ ಮಾಡಿದ್ರು, ಪರವಾಗಿಲ್ಲ” ಎಂದರೆ ಆ ದಿನ ನಮ್ಮ ಮನೆಯಲ್ಲೂ ಊಟ.

ಹಾಗಿರುವಾಗ ಒಂದು ಬೆಳಿಗ್ಗೆ ಆ ಫೋನು ಬಂತು. ಒದ್ದೆ ಕೈಯಲ್ಲೇ ನಾನು ಎತ್ತಿದೆ. ದಣಿದ ದನಿಯ ಒಬ್ಬ ಹೆಣ್ಣುಮಗಳು ಮಾತಾಡಿದಳು. “ನಿಮ್ಮ ತಾತ ಹೋಗ್ಬಿಟ್ರು. ಮನೆಯವ್ರು ಯಾರಾದ್ರೂ ಬನ್ನಿ.”

ಅಮ್ಮ ಒಲೆಗೆ ನೀರು ಸುರಿದು ಗೋಡೆಗೆ ತಲೆ ಇಟ್ಟು ಅಳತೊಡಗಿದಳು. ಅಪ್ಪ ಅಳಲಿಲ್ಲ. ಅಂಗಿಯ ಗುಂಡಿಗಳನ್ನು ಅದಲುಬದಲು ಹಾಕಿಕೊಂಡು ಬೈಕು ತೆಗೆದ. ಹಿಂದೆ ನಾನು ಕೂತೆ. ದಾರಿಯಲ್ಲಿ ತಡೆದ ಪೊಲೀಸಿನವರಿಗೆ ಅಪ್ಪ “ನಮ್ಮಪ್ಪ ಓಗ್ಬುಟ್ರು ಸಾರ್” ಅಂದ. ಅವರು ಬ್ಯಾರಿಕೇಡು ಸರಿಸಿದರು.

ವಾರ್ಡಿನ ಬಾಗಿಲಲ್ಲಿ ಮೈತುಂಬ ಬಿಳಿ ಕವಚ ತೊಟ್ಟ ಒಬ್ಬ ಯುವಕ ನಮ್ಮ ವಿವರ ಕೇಳಿ ಒಳಗೆ ಹೋದ. ಬಂದ. ಮತ್ತೆ ಹೋದ. ಹಿಂದಿನ ಶೆಡ್ಡಿಗೆ ಓಡಿದ. ಕೊನೆಗೆ ನಮ್ಮ ಮುಂದೆ ಬಂದು ತಲೆ ತಗ್ಗಿಸಿ ನಿಂತ.

“ಬಾಡಿ ಸಿಗ್ತಾ ಇಲ್ಲ ಸಾರ್.”

“ಸಿಗ್ತಾ ಇಲ್ಲ ಅಂದ್ರೆ? ಎದ್ದು ಓದ್ನಾ?” ಅಪ್ಪ ಕಿರುಚಿದ.

ಗೇಟಿನಾಚೆ ಫ್ಲಾಸ್ಕು ಇಟ್ಟುಕೊಂಡು ಟೀ ಮಾರುತ್ತಿದ್ದ ಹೆಂಗಸು ಅದನ್ನು ಕೇಳಿಸಿಕೊಂಡಳು. ಅವಳ ಮನೆಮಾತು ತಮಿಳು. ನಮಗಾಗಿ ಕನ್ನಡ ಬೆರೆಸಿದಳು.

“ಯಾರು, ಆ ಕೆಮ್ಮೋ ತಾತಾವಾ? ಅವ್ರು ನಡ್ಕೊಂಡೇ ಓದ್ರಲ್ಲಪ್ಪಾ! ಇಲ್ಲೇ ಟೀ ಕುಡಿದ್ರು. ಸಕ್ಕರೆ ಕಮ್ಮಿ ಅಂತ ಜಗಳ ಆಡಿದ್ರು.”

ಅಪ್ಪ ಅವಳನ್ನೇ ನೋಡಿದ. “ಜಗಳ ಆಡಿದ್ರಾ?”

“ಆಮಾ, ಚೆನ್ನಾಗಿ ಬೈದ್ರು.”

“ಅಂಗಾದ್ರೆ ನಮ್ಮಪ್ಪನೇ!”

ಆಗ ಶುರುವಾದದ್ದು ನಗು. ಮೊದಲು ನನಗೆ, ಆಮೇಲೆ ಅಪ್ಪನಿಗೆ. ಬಿಳಿ ಕವಚದ ಯುವಕನ ಕನ್ನಡಕದ ಗಾಜು ಮಂಜಾಗುವಷ್ಟು ಅವನಿಗೂ. ಅಂಥ ಜಾಗದಲ್ಲಿ ನಗಬಾರದು ಅಂತ ಬಾಯಿ ಮುಚ್ಚಿಕೊಂಡಷ್ಟೂ ಹೊಟ್ಟೆಯೊಳಗಿಂದ ಉಕ್ಕಿ ಬರುತ್ತಿತ್ತು. ಟೀ ಹೆಂಗಸು ನಮ್ಮಿಬ್ಬರಿಗೂ ಕೇಳದೆಯೇ ಟೀ ಕೊಟ್ಟು, ತಾತ ಊರಿಗಾಂ ಕಡೆಗೆ ಆಟೋ ಹತ್ತಿದ ಎಂದಳು.

ಊರಿಗಾಂನಲ್ಲಿ ಗಣಿ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ತಾತನ ಜೊತೆ ಗಣಿಯಲ್ಲಿ ದುಡಿದ ಗೆಳೆಯನೊಬ್ಬನಿದ್ದ. ತಾತ ವಾರಕ್ಕೊಮ್ಮೆಯಾದರೂ ಹೋಗಿ ಅವನ ಜೊತೆ ಇಸ್ಪೀಟು ಆಡುತ್ತಿದ್ದ. ನಾವು ಆ ಮನೆ ಹುಡುಕಿಕೊಂಡು ಹೋದಾಗ ತಾತ ಜಗಲಿಯ ಮೇಲೆ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಕೂತಿದ್ದ. ಅಪ್ಪ ಬೈಕನ್ನು ಸರಿಯಾಗಿ ನಿಲ್ಲಿಸಲೂ ಇಲ್ಲ, ಅದು ದಡಾರನೆ ಬಿತ್ತು. ಕಾಲಿಗೆ ಬೀಳಲು ಓಡಿದನೋ ಹೊಡೆಯಲು ಓಡಿದನೋ, ಅಂತೂ ಹೋಗಿ ತಾತನನ್ನು ತಬ್ಬಿಕೊಂಡ.

“ಬಿಡ್ಲಾ, ಉಸ್ರು ಕಟ್ತದೆ! ಯಾಕ್ ಬಂದ್ರಿ ಇಬ್ರೂ? ಡೈರಿಗೆ ಆಲು ಆಕುದ್ರಾ?”

“ತಾತಾ, ನೀನು ಸತ್ತೋಗಿದ್ದೀಯ,” ಅಂದೆ.

ಅವನು ಕಣ್ಣು ಕಿರಿದು ಮಾಡಿ ಯೋಚಿಸಿದ. “ಯಾವಾಗಂತೆ?”

ನಾನು ಅಲ್ಲೇ ನೆಲಕ್ಕೆ ಕುಸಿದು ಕೂತು ನಕ್ಕೆ. ಆಮೇಲೆ ಒಳಗಿನ ಅಳು ಕಿವಿಗೆ ಬಿತ್ತು.

ತಾತನ ಗೆಳೆಯ ಹಿಂದಿನ ದಿನ ತೀರಿಕೊಂಡಿದ್ದ. ಕೆಲವು ದಿನ ಜ್ವರವಿತ್ತಂತೆ. ಆಸ್ಪತ್ರೆಗೆ ಹೋದರೆ ಮುಖವನ್ನೂ ತೋರಿಸದೆ ಕಳಿಸುತ್ತಾರೆ ಎಂಬ ಭಯಕ್ಕೆ ಮನೆಯವರು ಟೆಸ್ಟು ಮಾಡಿಸಿರಲಿಲ್ಲ. ಅದೇ ಲೈನಿನಿಂದ ವಾರ್ಡಿಗೆ ಬಂದ ಒಬ್ಬ ಪೇಷೆಂಟು ಬೆಳಿಗ್ಗೆ ವಿಷಯ ಹೇಳಿದ್ದ. ಜ್ವರ ಬಿಟ್ಟು ಮನೆಗೆ ಕಳಿಸುವ ಮಾತಿನಲ್ಲಿದ್ದ ತಾತ, ಪಕ್ಕದ ಮಂಚದವನಿಗೆ ಹೇಳಿ ಎದ್ದು ಬಂದುಬಿಟ್ಟಿದ್ದ.

“ಎಗಲು ಕೊಡಾಕ್ ಆಗ್ಲಿಲ್ಲ ಮಗಾ. ನಾನ್ ಬರೋ ಒತ್ಗೆ ಊತಾಗಿತ್ತು. ಗುಂಡಿ ಮೇಲೆ ಒಂದಿಡಿ ಮಣ್ಣು ಆಕ್ದೆ,” ಅಂದ.

ಮನೆಗೆ ಹೋಗುವ ಮೊದಲು ಅವನನ್ನು ಮತ್ತೆ ವಾರ್ಡಿಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಚೆನ್ನಾಗಿ ಬೈದು, ಉಸಿರು ನೋಡಿ, ಮಾತ್ರೆ ಕೊಟ್ಟು ಕಳಿಸಿದರು. ನಡೆದದ್ದು ಆಗ ತಿಳಿಯಿತು. ಪಕ್ಕದ ಮಂಚದವನು ತೆಲುಗಿನವನು. ಬೆಡ್‌ಶೀಟು ಬದಲಿಸಲು ಬಂದ ಆಯಾ ಕೇಳಿದಾಗ “ತಾತ ಪೋಯಿನಾಡು” ಅಂದಿದ್ದಾನೆ. ಆಯಾ ನರ್ಸಿಗೆ ತಮಿಳಿನಲ್ಲಿ “ತಾತಾ ಪೋಯಿಟ್ಟಾರು” ಅಂದಿದ್ದಾಳೆ. ನರ್ಸು ಆಫೀಸಿಗೆ ಕನ್ನಡದಲ್ಲಿ “ಹೋಗ್ಬಿಟ್ರು” ಅಂದಿದ್ದಾರೆ. ಮೂರು ಭಾಷೆಯಲ್ಲೂ ಯಾರೂ ಸುಳ್ಳು ಹೇಳಿರಲಿಲ್ಲ. ಆ ದಿನಗಳಲ್ಲಿ ಆ ಮಾತಿಗೆ ಇನ್ನೊಂದು ಅರ್ಥವಿದೆ ಎಂಬುದೇ ಜನಕ್ಕೆ ಮರೆತುಹೋಗಿತ್ತು, ಅಷ್ಟೆ. ಆಯಾ ತಾತನ ಕೈ ಹಿಡಿದು “ಸಾರಿ ತಾತಾ” ಎಂದು ನಗುತ್ತಲೇ ಕಣ್ಣೊರೆಸಿಕೊಂಡಳು. ಆ ವಾರ್ಡಿನಿಂದ ‘ಹೋದ’ ಒಬ್ಬರು ತಿರುಗಿ ಬಂದದ್ದನ್ನು ಅವಳು ನೋಡಿದ್ದು ಅದೇ ಮೊದಲಂತೆ.

ವಾಪಸ್ಸು ಬರುವಾಗ ತಾತನನ್ನೂ ನನ್ನನ್ನೂ ಆಟೋದಲ್ಲಿ ಕೂರಿಸಿ ಅಪ್ಪ ಬೈಕಿನಲ್ಲಿ ಪಕ್ಕದಲ್ಲೇ ಬಂದ, ತಿರುಗಿ ತಿರುಗಿ ನೋಡುತ್ತ. ರಾಬರ್ಟ್‌ಸನ್‌ಪೇಟೆಯಲ್ಲಿ ಲಾಕ್‌ಡೌನಿಗೆ ಅಂಗಡಿಗಳ ಬಾಗಿಲು ಎಳೆಯುವ ಹೊತ್ತಿಗೆ ತಾತ ಆಟೋ ನಿಲ್ಲಿಸಿ ಮಾವಿನಹಣ್ಣು ಬೇಕೆಂದ. ಅಪ್ಪ ಚೌಕಾಸಿ ಮಾಡದೆ ಬುಟ್ಟಿಗೆ ಬುಟ್ಟಿಯೇ ಕೊಂಡ. ಅಪ್ಪ ಚೌಕಾಸಿ ಮಾಡದ್ದನ್ನು ನಾನು ಜನ್ಮದಲ್ಲಿ ಅದೊಂದೇ ಸಲ ನೋಡಿದ್ದು.

ಫೋನಿನಲ್ಲಿ ಮೊದಲೇ ಹೇಳಿದ್ದರೂ ಅಮ್ಮ ನಂಬಿರಲಿಲ್ಲ. ತಾತ ಆಟೋದಿಂದ ಇಳಿದಾಗ ಬಾಗಿಲಲ್ಲೇ ನಿಂತು ಅವನ ಕಾಲು ನೆಲಕ್ಕೆ ಮುಟ್ಟುತ್ತಿದೆಯೇ ಎಂದು ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಏನ್ ಮಾವ ನೀನು, ಏಳ್ದೆ ಕೇಳ್ದೆ ಓಗೋದಾ?” ಎಂದು ಶುರು ಮಾಡಿದವಳು ಒಲೆ ಮತ್ತೆ ಹೊತ್ತಿಕೊಳ್ಳುವವರೆಗೂ ಬೈದಳು. ತಾತ ಅದನ್ನು ಹಾಡು ಕೇಳಿದಂತೆ ತಲೆದೂಗುತ್ತ ಕೇಳಿದ.

ಸಂಜೆ ಊರಿನ ಆಶಾ ಕಾರ್ಯಕರ್ತೆ ಮುಖ ಸಪ್ಪೆ ಮಾಡಿಕೊಂಡು ಸಮಾಧಾನ ಹೇಳಲು ಬಂದಳು. ಅಂಗಳದಲ್ಲಿ ತಾತ ಮೊಣಕೈವರೆಗೆ ರಸ ಸುರಿಸಿಕೊಂಡು ಮಾವಿನ ಓಟೆ ಚೀಪುತ್ತಿದ್ದ. ಅವಳು “ಅವ್ವಾ!” ಎಂದು ಕೂಗಿ ಗೇಟಿನ ಆಚೆಗೆ ಹಾರಿದಳು.

“ಬಾರಮ್ಮಿ, ಅಣ್ಣು ತಿನ್ನು,” ಅಂದ ತಾತ.

“ಅಯ್ಯೋ ತಾತಾ, ಇವತ್ತು ಸತ್ತೋರ ಲೆಕ್ಕದಾಗೆ ನಿನ್ನೂ ಸೇರ್ಸವ್ರಲ್ಲಾ! ಆಗ್ಲೇ ಮೇಲಕ್ಕೆ ಕಳ್ಸಿಬುಟ್ಟವ್ರೆ!”

“ನನ್ನಾ? ಮೇಲಕ್ಕಾ?”

ಮತ್ತೆ ಎಲ್ಲರಿಗೂ ನಗು. ಅಮ್ಮನಂತೂ ಕಂಬ ಹಿಡಿದುಕೊಂಡಳು. ನಗು ಇಳಿದ ಮೇಲೆ ತಾತ ಕೈ ತೊಳೆದುಕೊಂಡು ಕೇಳಿದ: “ಊರಿಗಾಂದಾಗೆ ನನ್ ಗೆಳೆಯ ಓದ. ಅವ್ನು ಲೆಕ್ಕದಾಗವ್ನಾ?”

“ಟೆಸ್ಟು ಮಾಡ್ಸಿದ್ರಾ?”

“ಇಲ್ಲ. ಎದೆ ನೋವು ಅಂತ ಏಳವ್ರೆ.”

“ಅಂಗಾದ್ರೆ ಎಂಗ್ ಸೇರ್ಸೋದು ತಾತಾ? ಗಣಿ ಧೂಳ್ಗೆ ಓದ್ರೋ, ಇದ್ಕೇ ಓದ್ರೋ, ಯಾರಿಗ್ ಗೊತ್ತು?”

“ನಂಗೊತ್ತು. ನನ್ ಬದ್ಲು ಅವ್ನ ಆಕ್ಕೊ.”

ಅವಳು ಹಾಗೆಲ್ಲ ಆಗುವುದಿಲ್ಲ ಎಂದು ಮೆಲ್ಲಗೆ ಹೇಳಿದಳು. ತಾತನ ವಿಷಯ ತಿಳಿಸುತ್ತೇನೆ, ತಿದ್ದುತ್ತಾರೆ ಎಂದಳು. ತಿದ್ದಿದರೋ ಇಲ್ಲವೋ ನಮಗೆ ಗೊತ್ತಾಗಲಿಲ್ಲ. ಆಮೇಲೆ ಟೀವಿಯಲ್ಲಿ ಸಾವಿನ ಸಂಖ್ಯೆ ಓಡುವಾಗಲೆಲ್ಲ ನನಗೆ ಅದರೊಳಗೆ ಮಾವಿನ ಓಟೆ ಚೀಪುವ ಒಬ್ಬ ಮುದುಕ ಕಾಣುತ್ತಿದ್ದ. ಅದರ ಹೊರಗೆ, ಯಾರ ಕಣ್ಣಿಗೂ ಬೀಳದೆ ನಿಂತ ಇನ್ನೊಬ್ಬನೂ.

ಮೈಯಲ್ಲಿ ಕಸುವು ಬಂದ ಮೇಲೆ ತಾತ ನನ್ನನ್ನು ಕರೆದುಕೊಂಡು ಊರಿಗಾಂಗೆ ಹೋದ. ಗೆಳೆಯನ ಹೆಂಡತಿ ಗೋಡೆ ನೋಡುತ್ತ ಕೂತಿದ್ದರು. ತಾತ ಅವರೆದುರು ಚಕ್ಕಳಮಕ್ಕಳ ಹಾಕಿ ಕೂತು, ತಾನು ಸತ್ತ ಕತೆಯನ್ನು ಅವರ ತಮಿಳಿನಲ್ಲೇ ಶುರು ಮಾಡಿದ. ಕಾಣೆಯಾದ ಹೆಣ, ಮಂಜಾದ ಕನ್ನಡಕ, ನೆಲಕ್ಕೆ ಬಿದ್ದ ಬೈಕು ಎಲ್ಲಾ ಕೈಸನ್ನೆ ಮಾಡಿ ತೋರಿಸಿದ. ಆಕೆ ಮೊದಲು ಗೋಡೆಯಿಂದ ಕಣ್ಣು ತೆಗೆಯಲಿಲ್ಲ. ನಮ್ಮಮ್ಮ ತಾತನ ಕಾಲು ನೋಡಿದ ಭಾಗಕ್ಕೆ ಬಂದಾಗ ಅವರ ಭುಜ ಅಲುಗಿತು. ಸೆರಗನ್ನು ಬಾಯಿಗೆ ಒತ್ತಿಕೊಂಡರು, ಆದರೂ ನಗು ಹೊರಗೆ ಬಂದೇಬಿಟ್ಟಿತು. ನಗುತ್ತ ನಗುತ್ತ ತಾತನ ತೋಳಿಗೆ ಒಂದು ಏಟು ಕೊಟ್ಟು, ಅದನ್ನೇ ಇನ್ನೊಂದು ಸಲ ಹೇಳು ಎಂದರು.