ಅಲುಗಣ್ಣ ಕಟ್ಟಿದ ಎರಡು ಚೀಲ

ಗಾಜಿನ ಕಾರ್ಖಾನೆಯ ಪ್ಯಾಕಿಂಗ್ ಶೆಡ್ಡಿನಲ್ಲಿ ಅವನನ್ನು ಎಲ್ಲರೂ ಅಲುಗಣ್ಣ ಎಂದೇ ಕರೆಯುತ್ತಿದ್ದರು. ಅದಕ್ಕೆ ಕಾರಣ ಅವನ ಬಾಯಲ್ಲಿ ಸದಾ ಇರುತ್ತಿದ್ದ ಒಂದೇ ಮಾತು: "ಅಲುಗಬಾರದು." ಜಾಡಿಯೋ ಹೂದಾನಿಯೋ ದೀಪದ ಬುರುಡೆಯೋ, ಪೆಟ್ಟಿಗೆಗೆ ಇಳಿಸಿ, ಸಂದಿಗೊಂದಿಗೆಲ್ಲ ಹುಲ್ಲು, ಹಳೆಯ ಪೇಪರು ತುರುಕಿ, ಹಗ್ಗ ಬಿಗಿದ ಮೇಲೆ ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಕುಲುಕುತ್ತಿದ್ದ. ಒಳಗೆ ಇರುವೆ ಕೆಮ್ಮಿದಷ್ಟು ಸದ್ದಾದರೂ ಸಾಕು, ಬಿಚ್ಚಿ ಮತ್ತೆ ಮೊದಲಿನಿಂದ ಕಟ್ಟುತ್ತಿದ್ದ.

"ಅಲುಗಣ್ಣ ಊಟದ ಡಬ್ಬೀನೂ ಕುಲುಕಿ ನೋಡ್ದೆ ಮುಚ್ಚಳ ತೆಗೆಯಲ್ಲ" ಎಂದು ಜೊತೆಯವರು ನಗುತ್ತಿದ್ದರು. ಅವನೂ ನಗುತ್ತಿದ್ದ. ಅವನು ಕಟ್ಟಿದ ಪೆಟ್ಟಿಗೆಯೊಳಗೆ ಒಡೆದ ಮಾಲು ಇತ್ತೆಂದು ದೂರು ಬಂದದ್ದೇ ಇಲ್ಲ.

ಆ ಶೆಡ್ಡಿನಲ್ಲಿ ಇನ್ನೊಂದು ಕಟ್ಟಳೆಯಿತ್ತು. ಕುಲುಮೆಯಿಂದ ಬಂದ ಪ್ರತಿ ಮಾಲನ್ನೂ ತಪಾಸಣೆಯ ಮುದುಕನೊಬ್ಬ ಉಗುರಿನಿಂದ ತಟ್ಟಿ ನೋಡುತ್ತಿದ್ದ. ಟಿಣ್ ಎಂದರೆ ಗಟ್ಟಿ, ಟೊಕ್ ಎಂದರೆ ಒಳಗೆಲ್ಲೋ ಬಿರುಕು. ಅವನು ಟಿಣ್ ಎನ್ನಿಸಿ ಈಚೆಗೆ ದಾಟಿಸುವವರೆಗೆ ಯಾರೂ ಆ ಮಾಲಿಗೆ ಪೆಟ್ಟಿಗೆ ಸಿದ್ಧಮಾಡುವಂತಿರಲಿಲ್ಲ. ಹಿಂದೊಮ್ಮೆ ಯಾರೋ ಅವಸರದವನು ದೊಡ್ಡದೊಂದು ದೀಪಕ್ಕೆಂದು ಹುಲ್ಲು ಹಾಸಿ, ಚೀಟಿ ಅಂಟಿಸಿ ಕಾದು ಕೂತಿದ್ದನಂತೆ. ಕುಲುಮೆಯಿಂದ ಬಂದ ದೀಪದ ಗಾಜು ತಣ್ಣಗಾಗುವಾಗಲೇ ಸೀಳಿಹೋಯಿತು. ಆ ಪೆಟ್ಟಿಗೆಯನ್ನು ಬೇರೆ ಯಾವುದಕ್ಕೂ ಬಳಸಲು ಯಾರಿಗೂ ಮನಸ್ಸು ಬರಲಿಲ್ಲ. ಬಹಳ ಕಾಲ ಅದು ಮೂಲೆಯಲ್ಲಿ ಬಾಯಿ ತೆರೆದುಕೊಂಡೇ ಬಿದ್ದಿತ್ತು. ಹೊಸಬರಿಗೆ ಮುದುಕ ಅದನ್ನೇ ತೋರಿಸಿ ಹೇಳುತ್ತಿದ್ದ, "ಬರದೇ ಇರೋದಕ್ಕೆ ಜಾಗ ಮಾಡ್ಬೇಡ್ರೋ."

ಮದುವೆಯಾದ ಹೊಸತರಲ್ಲಿ ಅಲುಗಣ್ಣ ಈ ಮಾತನ್ನು ತಮಾಷೆಯೆಂದೇ ತಿಳಿದಿದ್ದ. ಹೆಂಡತಿ ಮೊದಲ ಸಲ ಬಸುರಾದಾಗ ಆಸ್ಪತ್ರೆಯ ಚೀಲವನ್ನು ತಾನೇ ಕಟ್ಟುವೆನೆಂದು ಹಟ ಹಿಡಿದ. ಅವಳು ದರ್ಜಿ ಅಂಗಡಿಯಲ್ಲಿ ಗುಂಡಿ, ಕಾಜ ಹೊಲಿಯುವವಳು. ಮಗುವಿಗೆಂದು ಬಿಳಿ ಅಂಗಿ ಹೊಲಿದು ಅದಕ್ಕೆ ಹಳದಿ ಗುಂಡಿ ಇಟ್ಟಿದ್ದಳು. ಟೋಪಿ, ಕಾಲುಚೀಲ, ಮೆತ್ತನೆಯ ಹೊದಿಕೆ, ಎಲ್ಲವನ್ನೂ ಅವನು ಗಾಜು ಸುತ್ತುವ ಹಾಗೆ ಸುತ್ತಿ ಚೀಲದ ಒಂದು ಪಕ್ಕಕ್ಕಿಟ್ಟ. ಇನ್ನೊಂದು ಪಕ್ಕದಲ್ಲಿ ಅವಳ ಬಟ್ಟೆ. ಆಸ್ಪತ್ರೆಯಲ್ಲಿ ಅವಳ ಪಕ್ಕ ಖಾಲಿಯಾಯಿತು. ಮಗುವಿನ ಪಕ್ಕವನ್ನು ಬಿಚ್ಚುವ ಪ್ರಸಂಗವೇ ಬರಲಿಲ್ಲ. ಹೆಣ್ಣು ಮಗು. ಉಸಿರಿಲ್ಲದೆ ಹುಟ್ಟಿತ್ತು. ಹೊಕ್ಕುಳಬಳ್ಳಿಯೇ ಕೊರಳಿಗೆ ಬಿಗಿದಿತ್ತೆಂದು ಡಾಕ್ಟರು ಹೇಳಿದರು. ಆ ಮಾತು ಅವನ ಕಿವಿಗೆ ಬಿತ್ತೇ ಹೊರತು ತಲೆಗೆ ಇಳಿಯಲಿಲ್ಲ. ಮನೆಗೆ ಬಂದು ಚೀಲವನ್ನು ಬೀರುವಿನ ಮೇಲಿಟ್ಟ. ಅಂದಿನಿಂದ ಹೆಂಡತಿ ಬೀರು ಒರೆಸುವಾಗ ಅದರ ಸುತ್ತ ಒರೆಸುತ್ತಿದ್ದಳು. ಅದನ್ನು ಮುಟ್ಟುತ್ತಿರಲಿಲ್ಲ. ಮುದುಕನ ಮಾತು ಮಾತ್ರ ಅವನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಬರದೇ ಇರುವುದಕ್ಕೆ ಜಾಗ ಮಾಡಿದವನು ತಾನೇ.

ಕೆಲವು ವರ್ಷಗಳ ಮೇಲೆ ಅವಳು ಮತ್ತೆ ಬಸುರಾದಳು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಂತೆ. ಅಲುಗಣ್ಣ ನೀರನ್ನೂ ಊದಿ ಕುಡಿಯುವಂತಾದ. ಅವಳು ಮಗ್ಗುಲು ಬದಲಿಸಿದರೆ ಎದ್ದು ಕೂರುವನು, ಬದಲಿಸದಿದ್ದರೂ ಎದ್ದು ಕೂರುವನು.

ಎಂಟನೇ ತಿಂಗಳು ಹಿಡಿಯುತ್ತಿದ್ದಂತೆ ಅವಳೇ ಹೇಳಿದಳು, "ರೀ, ಸಿಸ್ಟರ್ ಚೀಲ ಕಟ್ಟಿಟ್ಕೊಳ್ಳಿ ಅಂದಿದಾರೆ."

"ಈಗ್ಲೇ ಯಾಕೆ? ಇನ್ನೂ ದಿನ ಇದೆ."

"ದಿನ ನಮ್ಮನ್ನ ಕೇಳ್ಕೊಂಡು ಬರುತ್ತಾ? ಪ್ಯಾಕಿಂಗ್ ನಿಮ್ಮ ಕೆಲ್ಸ. ನಾನು ಗುಂಡಿ ಹಾಕಾಯ್ತು."

ಮಂಚದ ಮೇಲೆ ಎಲ್ಲವನ್ನೂ ಹರಡಿಟ್ಟಳು. ಮುಂದೆ ಗುಂಡಿಯಿರುವ ಎರಡು ನೈಟಿ, ಪ್ಯಾಡು, ಟವೆಲು, ಚಪ್ಪಲಿ, ಬಾಚಣಿಗೆ, ಬಿಸಿನೀರಿಗೆ ಫ್ಲಾಸ್ಕು, ರಕ್ತಪರೀಕ್ಷೆಯ ಫೈಲು, ಫೋನಿನ ಚಾರ್ಜರು. ಆಚೆ ಬದಿಗೆ ಹೊಸ ಅಂಗಿ, ಟೋಪಿ, ಕಾಲುಚೀಲ, ಹೊದಿಕೆ. ಈ ಸಲ ನೀಲಿ ಗುಂಡಿ. ಹಳೆಯ ಚೀಲದ ಮಾತನ್ನು ಇಬ್ಬರೂ ಎತ್ತಲಿಲ್ಲ. ಅವಳು ಅಂಗಡಿಗೆ ಹೋದ ಮೇಲೆ ಅವನು ಹೊಸ ಚೀಲ ತೆಗೆದುಕೊಂಡು ಕೂತ. ಅವಳ ಪಕ್ಕವನ್ನು ಕಣ್ಣು ಮುಚ್ಚಿ ಕಟ್ಟಿದ. ಮಗುವಿನ ಟೋಪಿಗೆ ಕೈ ಹಾಕಿದವನು ಅದನ್ನು ಮತ್ತೆ ಮಂಚದ ಮೇಲಿಟ್ಟ.

ಚೀಲದೊಳಗೆ ಹಾಕಲಾಗಲಿಲ್ಲ. ಮನೆಯಲ್ಲಿಟ್ಟರೆ ಇರುವ ಒಂದೇ ಬೀರುವಿನಲ್ಲಿ ಅವಳ ಕಣ್ಣಿಗೆ ಬಿದ್ದೇ ಬೀಳುತ್ತದೆ. ಕೊನೆಗೆ ಮಗುವಿನ ಬಟ್ಟೆಯನ್ನು ಊಟದ ಚೀಲದಲ್ಲಿ ಬಚ್ಚಿಟ್ಟುಕೊಂಡು ಹೋಗಿ ಶೆಡ್ಡಿನ ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದ. ಕಾರ್ಖಾನೆಗೂ ಆಸ್ಪತ್ರೆಗೂ ನಡುವೆ ಎರಡೇ ಬೀದಿ. ಮಗು ಅತ್ತ ಸದ್ದು ಕೇಳಿದೊಡನೆ ಓಡಿಹೋಗಿ ತಂದರಾಯಿತು. ಮೊದಲು ತಪಾಸಣೆ, ಆಮೇಲೆ ಪ್ಯಾಕಿಂಗ್. ಲೆಕ್ಕ ಸರಿಯಾಗಿಯೇ ಇತ್ತು.

ಆದರೆ ಚೀಲದ ಒಂದು ಪಕ್ಕ ಟೊಳ್ಳಾಗಿ ಉಳಿಯಿತು. ಎತ್ತಿ ಕುಲುಕಿದರೆ ಫ್ಲಾಸ್ಕು ಆಚೀಚೆ ಓಡಾಡಿತು. ಅವನ ಕೈ ತಡೆಯಲಿಲ್ಲ. ಹಳೆಯ ಪೇಪರುಗಳನ್ನು ಉಂಡೆ ಮಾಡಿ ಮಾಡಿ ಆ ಜಾಗಕ್ಕೆ ತುರುಕಿದ. ಮತ್ತೆ ಕುಲುಕಿದ. ಅಲುಗಲಿಲ್ಲ.

ನೋವು ಶುರುವಾದದ್ದು ಕಾರ್ಖಾನೆಯ ವಾರದ ರಜೆಯ ದಿನ, ಬೆಳಕು ಹರಿಯುತ್ತಿದ್ದ ಹಾಗೆ, ಹೇಳಿದ ದಿನಕ್ಕಿಂತ ಒಂದು ತಿಂಗಳು ಮುಂಚೆ. ಬಾಣಂತನಕ್ಕೆಂದು ಬಂದಿದ್ದ ಅವಳ ತಾಯಿ ಚೀಲ ಎತ್ತಿಕೊಂಡರು. ಅಲುಗಣ್ಣ ಹೆಂಡತಿಯನ್ನು ಎತ್ತಿಕೊಂಡವನಂತೆಯೇ ಮೆಟ್ಟಿಲಿಳಿಸಿದ. ಗಾಡಿಯಲ್ಲಿ ಅವಳು ಅವನ ಮುಂಗೈ ಹಿಡಿದು ಒಂದೇ ಮಾತು ಕೇಳಿದಳು.

"ಎಲ್ಲಾ ಇಟ್ಟಿದೀರಲ್ವಾ?"

"ಇಟ್ಟಿದೀನಿ ಕಣೇ" ಎಂದ. ಮುಖವನ್ನು ಬೀದಿಯ ಕಡೆ ತಿರುಗಿಸಿಕೊಂಡ.

ಹೆರಿಗೆ ಕೋಣೆಯ ಬಾಗಿಲು ಅವಳನ್ನು ಒಳಗೆ ಹಾಕಿಕೊಂಡು ಮುಚ್ಚಿತು. ಹೊರಗೆ ಉದ್ದನೆಯ ಬೆಂಚು, ಫಿನಾಯಿಲಿನ ವಾಸನೆ, ಗೋಡೆಯ ಮೇಲೆ ತಟತಟ ಎನ್ನುವ ಗಡಿಯಾರ. ಸ್ವಲ್ಪ ಹೊತ್ತಿಗೆ ಸಿಸ್ಟರ್ ತಲೆ ಹೊರಹಾಕಿದಳು.

"ಮಗು ಬಟ್ಟೆ ಕೊಡಿ. ಟೋಪಿ, ಕಾಲುಚೀಲ ಮುಖ್ಯ. ತಿಂಗಳು ತುಂಬಿಲ್ಲ, ಹುಟ್ಟಿದ ತಕ್ಷಣ ಬೆಚ್ಚಗಿಡ್ಬೇಕು."

ಅತ್ತೆ ಆಗಲೇ ಚೀಲದ ಗಂಟು ಎಳೆದಿದ್ದರು. ಒಳಗೆ ಕೈ ಹಾಕಿ ಒಂದು ಉಂಡೆ ತೆಗೆದರು. ಬಿಡಿಸಿದರು. ಅದರೊಳಗೆ ಏನೂ ಇರಲಿಲ್ಲ. ಇನ್ನೊಂದು ತೆಗೆದರು. ಅದರಲ್ಲೂ ಇಲ್ಲ. ಬೆಂಚಿನ ಮೇಲೆ ಪೇಪರಿನ ರಾಶಿ ಬೆಳೆಯಿತು.

"ಏನ್ರೀ ಇದು ಅಳಿಯಂದ್ರೇ? ಕೂಸಿಗೆ ಪೇಪರ್ ಉಡಿಸೋಣ ಅಂತಾನಾ? ಓದ್ಕೊಂಡು ಮಲಗ್ಲಿ ಅಂತಾನಾ?"

ಅವನು ಕೆಳಗೆ ಬಿದ್ದ ಉಂಡೆಗಳನ್ನು ಹೆಕ್ಕತೊಡಗಿದ.

"ಅವ್ಳು ರಾತ್ರಿ ಎಲ್ಲಾ ಕೂತು ಹೊಲಿದ ಬಟ್ಟೆ ಎಲ್ಲಿ?"

"ಶೆಡ್ಡಲ್ಲಿದೆ ಅತ್ತೆ."

"ಶೆಡ್ಡಲ್ಲಿ ಹೆರಿಗೆ ಮಾಡಿಸ್ತಾರಾ?"

"ಜಗಳ ಆಮೇಲೆ ಆಡ್ಕೊಳ್ಳಿ" ಎಂದಳು ಸಿಸ್ಟರ್. "ನಮ್ಹತ್ರ ದಪ್ಪ ಟವೆಲ್ ಇದೆ, ಸದ್ಯಕ್ಕೆ ಅದ್ರಲ್ಲಿ ಸುತ್ತುತೀವಿ. ಟೋಪಿ ಗೀಪಿ ಇಲ್ಲ. ಬೇಗ ತನ್ನಿ."

ಒಳಗಿನಿಂದ ಹೆಂಡತಿಯ ನರಳಾಟ ಕೇಳಿತು. ಆ ದನಿಯನ್ನು ಅವನು ಹಿಂದೊಮ್ಮೆ ಕೇಳಿದ್ದ. ಅವನು ಓಡಿದ.

ಬೀದಿಯಲ್ಲಿ ಅಂಗಡಿಗಳ ಶಟರು ಇನ್ನೂ ನೆಲ ಕಚ್ಚಿದ್ದವು. ತೆರೆದಿದ್ದದ್ದು ಔಷಧಿ ಅಂಗಡಿ, ಹಾಲಿನ ಅಂಗಡಿ ಎರಡೇ. ಬಟ್ಟೆ ಅಂಗಡಿಯ ಮುಂದೆ ಕಸ ಗುಡಿಸುತ್ತಿದ್ದವನು "ಓನರು ಹತ್ತು ಗಂಟೆಗೆ" ಎಂದ. ಕಾರ್ಖಾನೆಯ ಗೇಟಿಗೆ ಮುಷ್ಟಿಯಷ್ಟು ದಪ್ಪದ ಬೀಗ ನೇತಾಡುತ್ತಿತ್ತು.

ಕಾವಲುಗಾರ ಗೂಡಿನಿಂದ ಇಣುಕಿದ. "ಏನ್ ಅಲುಗಣ್ಣ, ರಜಾ ದಿನಾನೂ ಕುಲುಕೋಕೆ ಬಂದ್ಯಾ?"

"ಶೆಡ್ಡಿನ ಕೀಲಿ ಕೊಡೋ. ಹೆಂಡ್ತಿ ಹೆರಿಗೆಗೆ ಸೇರಿದಾಳೆ. ಮಗು ಬಟ್ಟೆ ಒಳಗಿದೆ."

ಕಾವಲುಗಾರನ ನಗು ಅಲ್ಲೇ ನಿಂತಿತು. "ಶೆಡ್ಡಿನ ಕೀಲಿ ಸೂಪರ್‌ವೈಸರ್ ಜೇಬಲ್ಲಿ. ಅವ್ರು ಊರಾಚೆ ಇರೋದು. ಮಗು ಬಟ್ಟೆ ಶೆಡ್ಡಿಗ್ಯಾಕೆ ಬಂತಣ್ಣ?"

ಅಲುಗಣ್ಣ ಬೀಗ ಹಿಡಿದು ಒಮ್ಮೆ ಜಗ್ಗಿದ. ಆಗ ಬೀರುವಿನ ಮೇಲಿನ ಚೀಲ ನೆನಪಾಯಿತು. ಬೇಡ, ಅದೊಂದು ಬೇಡ ಎಂದಿತು ಮನಸ್ಸು. ಕಾಲು ಮಾತ್ರ ಆಗಲೇ ಮನೆಯ ದಾರಿ ಹಿಡಿದಿತ್ತು.

ಮನೆಯಲ್ಲಿ ಸ್ಟೂಲು ಹತ್ತಿ ಚೀಲ ಇಳಿಸಿದ. ಮೇಲೆ ಬೆರಳು ಮುಳುಗುವಷ್ಟು ದೂಳು. ರೂಢಿಯಂತೆ ಕೈ ತಾನಾಗಿ ಅದನ್ನು ಕಿವಿಯ ಹತ್ತಿರ ತಂದು ಕುಲುಕಿತು. ಇಷ್ಟು ವರ್ಷವಾದರೂ ಮಗುವಿನ ಪಕ್ಕದಲ್ಲಿ ಒಂದು ಎಳೆಯೂ ಜರುಗಿರಲಿಲ್ಲ.

ಆ ಗಂಟು ಅವನದೇ. ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುವಂಥದ್ದು. ಆದರೂ ಕೂಡಲೇ ಎಳೆಯಲಿಲ್ಲ. ಸತ್ತ ಮಗುವಿಗೆಂದು ಕಟ್ಟಿದ ಬಟ್ಟೆ. ಬದುಕಬೇಕಾದ ಮಗುವಿನ ಮೈಗೆ ಇದನ್ನು ಮುಟ್ಟಿಸಿದರೆ ಅದನ್ನೂ ಅದೇ ದಾರಿಗೆ ಎಳೆದರೆ? ಮುಟ್ಟಿಸದಿದ್ದರೆ ಚಳಿಗೇ ಏನಾದರೂ ಆದರೆ? ಎರಡೂ ಕಡೆ ಹಳ್ಳ, ನಡುವೆ ಅವನು. ಅಡುಗೆಮನೆಯ ನಲ್ಲಿ ತೊಟಕ್ ತೊಟಕ್ ಎನ್ನುತ್ತಿತ್ತು. ಕಣ್ಣು ಮುಚ್ಚಿ ತುದಿ ಎಳೆದ.

ಸೋಪಿನ ವಾಸನೆ ಬಂತು. ಟೋಪಿ, ಕಾಲುಚೀಲ, ಹೊದಿಕೆ, ಹಳದಿ ಗುಂಡಿಯ ಅಂಗಿ, ಎಲ್ಲವೂ ಇಟ್ಟಲ್ಲೇ ಇದ್ದವು. ಒಂದು ಸುಕ್ಕಿಲ್ಲ, ಒಂದು ಕಲೆಯಿಲ್ಲ. ಅವನು ನೆಲದ ಮೇಲೆ ಕೂತು ಪ್ರತಿಯೊಂದನ್ನೂ ತಿರುಗಿಸಿ ನೋಡಿದ. ತಪ್ಪು ಹುಡುಕುವವನಂತೆ ನೋಡಿದ. ಚೀಲದಲ್ಲಿ ಏನೂ ತಪ್ಪಿರಲಿಲ್ಲ. ಎಂದೂ ಇರಲಿಲ್ಲ.

ಆಸ್ಪತ್ರೆಗೆ ಮರಳಿದಾಗ ಅತ್ತೆ ಬೆಂಚಿನ ಮೇಲೆ ಕಲ್ಲಿನಂತೆ ಕೂತಿದ್ದರು. ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದ. ಅವರು ಬೈಯಲಿಲ್ಲ. ಅದೇ ಅವನನ್ನು ಹೆದರಿಸಿತು.

"ಏನಾಯ್ತು ಅತ್ತೆ?"

"ಹುಟ್ಟಿತು ಅಂದ್ರು. ಡಾಕ್ಟರು ಒಳಗೆ ಓಡಿ ಹೋದ್ರು. ಇನ್ನೂ ಅತ್ತ ಸದ್ದು ಇಲ್ಲಪ್ಪಾ."

ಅಳಿಯಂದ್ರೇ ಎನ್ನುವವರ ಬಾಯಲ್ಲಿ ಅಪ್ಪಾ ಬಂದದ್ದನ್ನು ಅವನು ಗಮನಿಸಿದ. ಬಟ್ಟೆಯ ಗಂಟನ್ನು ಎದೆಗವಚಿಕೊಂಡು ಬಾಗಿಲಿಗೆ ಕಿವಿಯಿಟ್ಟ. ಒಳಗೆ ಪಾತ್ರೆಯ ಸದ್ದು, ಚಪ್ಪಲಿಯ ಸದ್ದು, ಯಾರೋ ಗಡಿಬಿಡಿಯಲ್ಲಿ ಏನೋ ಹೇಳಿದ್ದು. ಮತ್ತೆ ಏನೂ ಇಲ್ಲ. ಅಂದೂ ಹೀಗೇ ಇತ್ತು. ಅಂದೂ ಹೀಗೇ ನಿಂತಿದ್ದ.

ಆಗ ಬಂತು. ಅಳುವೆಂದು ಹೇಳಲೂ ಆಗದಷ್ಟು ಸಣ್ಣ ದನಿ, ನೆನೆದ ಬೆಕ್ಕಿನ ಮರಿಯ ಕೂಗಿನಂತೆ. ನಿಂತಿತು. ಮತ್ತೆ ಬಂತು. ಅತ್ತೆ ಅವನ ಅಂಗಿಯ ತೋಳು ಹಿಡಿದುಕೊಂಡರು.

ಸಿಸ್ಟರ್ ಬಾಗಿಲು ತೆರೆದಳು. "ಹೆಣ್ಣು. ತಾಯಿ ಚೆನ್ನಾಗಿದಾರೆ. ಮಗು ಸಣ್ಣದು, ಉಸಿರಿಗೆ ಸ್ವಲ್ಪ ಕಷ್ಟ ಪಡ್ತಿದೆ. ಗಾಜಿನ ಪೆಟ್ಟಿಗೇಲಿ ಇಡ್ತೀವಿ. ಇವತ್ತು ರಾತ್ರಿ ಕಳೀಲಿ, ಆಮೇಲೆ ನೋಡೋಣ. ಬಟ್ಟೆ ತಂದ್ರಾ?"

ಕೊಟ್ಟ. ಕೊಡುವಾಗ ಬೆರಳು ಒಂದು ಕ್ಷಣ ಬಿಡಲಿಲ್ಲ. ಸಿಸ್ಟರ್ ಎಳೆದುಕೊಂಡಳು. "ಪೆಟ್ಟಿಗೇಲಿ ಟೋಪಿ, ಕಾಲುಚೀಲ ಸಾಕು. ಅಂಗಿ ಇಟ್ಕೊಳ್ಳಿ" ಎಂದು ಅದನ್ನು ಹಿಂದಿರುಗಿಸಿದಳು.

ಮಧ್ಯಾಹ್ನ ಹೆಂಡತಿಯ ಹಾಸಿಗೆಯ ಪಕ್ಕದಲ್ಲಿ ಕೂರಲು ಬಿಟ್ಟರು. ಅವಳ ತುಟಿ ಒಣಗಿ ಬಿರಿದಿತ್ತು. ಅವನ ಕೈಲಿದ್ದ ಅಂಗಿಯನ್ನು ನೋಡಿದಳು, ಹಳದಿ ಗುಂಡಿಯನ್ನು ಬೆರಳಿನಿಂದ ಮುಟ್ಟಿದಳು.

"ಇದು ಅವಳದ್ದಲ್ವಾ?"

"ಹ್ಞೂಂ."

"ಹೊಸದು?"

"ಚೀಲಕ್ಕೆ ಹಾಕಿರ್ಲಿಲ್ಲ ಕಣೇ. ಶೆಡ್ಡಲ್ಲಿಟ್ಟೆ. ಮೊದ್ಲೇ ಕಟ್ಟಿಟ್ರೆ ಮತ್ತೆ..."

ಅವಳ ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು.

"ಒಂದೊಂದು ಗುಂಡಿ ಹೊಲಿಯುವಾಗ್ಲೂ ನಂಗೆ ಕೈ ನಡುಗ್ತಿತ್ತು. ನಿಮ್ಮೊಬ್ರಿಗೇ ಭಯ ಇದ್ದಿದ್ದು ಅನ್ಕೊಂಡ್ರಾ? ಒಂದು ಮಾತು ಹೇಳ್ಬಾರ್ದಿತ್ತಾ?"

ಅವನು ಅಂಗಿಯನ್ನು ಮಡಿಸಿ ಅವಳ ದಿಂಬಿನ ಪಕ್ಕಕ್ಕಿಟ್ಟ.

"ಹೋಗಿ, ಕೂಸಿನ ಹತ್ರ ನಿಂತ್ಕೊಳ್ಳಿ. ನಂಗೆ ಏಳೋಕಾಗಲ್ಲ. ನನ್ನ ಬದ್ಲೂ ನೀವೇ ನೋಡಿ."

ಶಿಶುಗಳ ಕೋಣೆಯ ಕಿಟಕಿಯಾಚೆ ಗಾಜಿನ ಪೆಟ್ಟಿಗೆ. ಒಳಗೆ ಒಂದು ಮೊಳವೂ ಇಲ್ಲದ ಪುಟ್ಟ ಜೀವ, ಹುಬ್ಬಿನವರೆಗೆ ಜಾರಿದ ಟೋಪಿ. ಸುತ್ತ ಬಟ್ಟೆಯ ಸುರುಳಿ ಇಟ್ಟು ಹೊಂದಿಸಿದ್ದರು. ಒಳ್ಳೆಯ ಪ್ಯಾಕಿಂಗ್ ಎಂದುಕೊಂಡ. ಆದರೆ ಮಗು ತೀರಾ ನಿಶ್ಚಲವಾಗಿತ್ತು. ಎದೆ ಏರುತ್ತಿದೆಯೋ ಇಲ್ಲವೋ ಅಲ್ಲಿಂದ ತಿಳಿಯಲಿಲ್ಲ. ಅವನ ಬೆರಳು ತಾನಾಗಿ ಕಿಟಕಿಯ ಗಾಜಿನತ್ತ ಹೋಯಿತು.

"ತಟ್ಟಬೇಡ್ರೀ!" ಒಳಗಿಂದ ಸಿಸ್ಟರ್ ಗದರಿದಳು.

ಕೈ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡ. ಆ ಪುಟ್ಟ ಕಾಲುಚೀಲವನ್ನೇ ನೋಡುತ್ತ ನಿಂತ. ಅಲುಗು, ಎಂದ ಮನಸ್ಸಿನಲ್ಲೇ. ಅಲುಗು ಮಗಳೇ, ಸ್ವಲ್ಪ ಅಲುಗು.

ಬಹಳ ಹೊತ್ತಿನ ಮೇಲೆ ಎಡಗಾಲು ಒಮ್ಮೆ ಒದೆಯಿತು. ಕಾಲುಚೀಲ ಜಾರಿ ಬಿತ್ತು.